ದಿನಕ್ಕೊಂದು ಉಪಕಾರ: ಬಳಸುವ ಕ್ರಮ

ಈ ಕೈಪಿಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕ್ರೈಸ್ತ ವಿಶ್ವಾಸಿಗಳಿಗೆ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಕೈಪಿಡಿಗೆ ತಿದ್ದುಪಡಿ ಬೇಕಾಗಲಿಲ್ಲ; ಅಕ್ಕಪಕ್ಕದವರು ಅವರೇ ಇದ್ದಾರೆ.

ಶುರು ಮಾಡುವ ಬಗೆ: ತಪಸ್ಸುಕಾಲ ಬರಲಿ ಎಂದು ಕಾಯಬೇಡಿ. ನಲವತ್ತು ದಿನ ಮಾಂಸ ಬಿಟ್ಟು, ಈಸ್ಟರ್ ಮಧ್ಯಾಹ್ನ ಬಡ್ಡಿ ಸಮೇತ ವಸೂಲಿ ಮಾಡುವವರಿಗೆ ಇದು ಹೊಂದುವುದಿಲ್ಲ. ಬೆಳಗಿನ ಜಪ ಮುಗಿದ ಕೂಡಲೇ, ಅಂದು ಉಪಕಾರ ಮಾಡಲು ಒಬ್ಬರ ಹೆಸರು ಆರಿಸಿಕೊಳ್ಳಿ. ಮೊಮ್ಮಗಳ ಹೆಸರು ಬೇಡ, ಅದಕ್ಕೆ ಸಾಧನೆ ಯಾಕೆ? ಯಾರ ದನಿ ಕೇಳಿದರೆ ಮೈ ಉರಿಯುತ್ತದೋ ಅವರ ಹೆಸರೇ ಆಗಬೇಕು.

ಈ ವಿಧಾನ ನನ್ನದಲ್ಲ. ಫ್ರಾನ್ಸಿನ ಲಿಸಿಯೂ ಕಾರ್ಮೆಲ್ ಮಠದ ಸಂತ ತೆರೇಸಾ ಅವರದು. 1897ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡವರು. ಮಠದಲ್ಲಿ ಕರವಸ್ತ್ರ ಒಗೆಯುವಾಗ ಎದುರಿದ್ದ ಸಿಸ್ಟರ್ ಕೊಳೆನೀರನ್ನು ಇವರ ಮುಖಕ್ಕೆ ಎರಚುತ್ತಿದ್ದರಂತೆ. ಹಿಂದೆ ಸರಿದು, ಅವರಿಗೆ ಕಾಣುವ ಹಾಗೆ ಮುಖ ಒರೆಸಿಕೊಳ್ಳಬೇಕು ಅನ್ನಿಸಿತು. ಒರೆಸಿಕೊಳ್ಳಲಿಲ್ಲ. ಇಷ್ಟೇ ಸಾಧನೆ. ಇಂಥವನ್ನೇ ಪುಟ್ಟ ದಾರಿ ಎಂದು ಬರೆದಿಟ್ಟ ಈಕೆಯನ್ನು 1997ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು.

ನಮ್ಮ ಕಡೆ ಕರ್ಚೀಫಿನ ಉಪಯೋಗ ಬೇರೆ. ಮಾಗಡಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಬೀಳುತ್ತದೆ. ಆಮೇಲೆ ಒಳಗೆ ನಡೆಯುವ ವಾಗ್ವಾದಕ್ಕೆ ಯಾವ ಸಂತರೂ ಹೊಣೆಯಲ್ಲ. ಸೂಚನೆ: ಕರ್ಚೀಫು ಹಾಕಿ, ಹಿಡಿದ ಸೀಟನ್ನು ಅವರೆಕಾಯಿ ಚೀಲ ಹೊತ್ತು ಕೊನೆಗೆ ಹತ್ತಿದ ಅಜ್ಜಿಗೆ ಕೊಡಿ. ಕೊಟ್ಟ ಮೇಲೆ ಪಕ್ಕದಲ್ಲೇ ನಿಂತು ಅಜ್ಜಿಯ ಮುಖ ನೋಡಬಾರದು. ಡ್ರೈವರ್ ಹತ್ತಿರಕ್ಕೆ ಹೋಗಿಬಿಡಿ.

ಸಿಟ್ಟು ಬಂದರೆ ಯಂತ್ರ ಕೆಟ್ಟಿತೆಂದು ತಿಳಿಯಬೇಡಿ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ನೋಡಿ. ಗರಗರ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ಉಜ್ಜಾಟವಿಲ್ಲದೆ ದಯೆಯೂ ಹತ್ತುವುದಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಳಸುವವರಿಗೆ: ರೇಟು ಬಿದ್ದ ದಿನ ರೈತನಿಗೆ ಉಪದೇಶ ಮಾಡಬೇಡಿ. ಟೀ ಕೊಡಿಸಿ.

ಕನಕಪುರ ತಾಲ್ಲೂಕಿನವರಿಗೆ ವಿಶೇಷ ಸೂಚನೆ. ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆ ನಿಲ್ಲಿಸುವ ಯೋಜನೆಗೆ 2019ರ ಕ್ರಿಸ್ಮಸ್ ದಿನ ಅಡಿಗಲ್ಲು ಬಿತ್ತು. ಮರುತಿಂಗಳೇ ಕನಕಪುರದಲ್ಲಿ ವಿರೋಧದ ಮೆರವಣಿಗೆ ನಡೆಯಿತು. ಅಂಥ ದಿನಗಳಲ್ಲೇ ಈ ಸಾಧನೆಗೆ ನಿಜವಾದ ಕೆಲಸ. ಮೆರವಣಿಗೆ ಮುಗಿಸಿ ಬರುತ್ತಿದ್ದವನ ಬೈಕಿನಲ್ಲಿ ಪೆಟ್ರೋಲ್ ಮುಗಿದಿದ್ದರೆ ನಿಮ್ಮ ಬೈಕಿನಿಂದ ಅರ್ಧ ಲೀಟರ್ ಬಾಟಲಿಗೆ ಹಿಡಿದು ಕೊಡಿ. ಏನು ಘೋಷಣೆ ಕೂಗಿದೆ ಎಂದು ಕೇಳುವಂತಿಲ್ಲ. ಲೂಕನ ಶುಭಸಂದೇಶದ ಸಮಾರಿಯದವನೂ ಗಾಯಾಳುವಿನ ಕುಲ ವಿಚಾರಿಸಲಿಲ್ಲ. ನನ್ನ ಮಟ್ಟಿಗೆ, ಆ ಅರ್ಧ ಲೀಟರ್ 114 ಅಡಿಗಿಂತ ಎತ್ತರ.

ಸಾಮಾನ್ಯ ದೋಷ: ಉಪಕಾರ ಮಾಡಿದ ಕೂಡಲೇ ಕೈ ತಾನಾಗಿ ಫೋನಿಗೆ ಹೋಗಿ ಸ್ಟೇಟಸ್ ಹಾಕುತ್ತದೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಹೇಳಿದ್ದನ್ನು ಮತ್ತಾಯನು ಬರೆದಿಟ್ಟಿದ್ದಾನೆ. ಫೋನು ಹಿಡಿಯುವುದು ಎಡಗೈಯೇ. ಪರಿಹಾರ: ಚರ್ಚಿನ ಹಬ್ಬದ ಊಟ ಮುಗಿದು ಎಲ್ಲರೂ ಹೊರಟ ಮೇಲೆ ಹಿತ್ತಲಿಗೆ ಹೋಗಿ ಸಾಂಬಾರಿನ ಹಂಡೆ ತಿಕ್ಕಿ. ತಳ ಹಿಡಿದ ಹಂಡೆಯಾದರೆ ಗುಣ ಬೇಗ.

ವಾರಂಟಿ ಇಲ್ಲ. ಬೆಳಿಗ್ಗೆ ಆರಿಸಿಕೊಂಡವರು ಸಂಜೆಯೂ ಮುಖ ಗಂಟಿಕ್ಕಿಕೊಂಡೇ ಹೋದರೆ ಸ್ವಾಮಿಗಳ ಹತ್ತಿರ ದೂರು ಒಯ್ಯಬೇಡಿ. ನಾಳೆಯೂ ಅದೇ ಹೆಸರಿನಿಂದ ಶುರು ಮಾಡಿ.