ಗಸಿಯ ಮೇಲೆ ಕಣ್ಣಿಟ್ಟ ಪೊರ್ಬುಗಳು

ಮಂಗಳೂರಿನಲ್ಲಿ ಗಸಿ ಹೇಗಾಗಿದೆ ಎಂದು ತಿಳಿಯಲು ಬಾಯಿಗೆ ಹಾಕಬೇಕೆಂದಿಲ್ಲ, ಪಾತ್ರೆಗೆ ಇಣುಕಿದರೆ ಸಾಕು. ಮೇಲೆ ಕೆಂಪು ಎಣ್ಣೆ ತೇಲುತ್ತಿದ್ದರೆ ಮಾಡಿದವರ ಕೈ ಒಳ್ಳೆಯದು. ತೇಲದಿದ್ದರೆ ಮಸಾಲೆ ಬೇಯಲಿಲ್ಲ, ಗ್ಯಾಸ್ ಉಳಿಸಿದ್ದಾರೆ ಎಂದು ನೆಂಟರು ಗೇಟು ದಾಟುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಇಂಥ ಊರಿನಲ್ಲಿ, ಅದರಲ್ಲೂ ಭಾನುವಾರದ ಪೂಜೆ ಮುಗಿದದ್ದೇ ಕಿಟಕಿ ಕಿಟಕಿಯಿಂದ ಹಂದಿ ಬಫಾತಿನ ಪರಿಮಳ ಹೊರಡುವ ಜೆಪ್ಪಿನಲ್ಲಿ, ತೇಲುವ ಎಣ್ಣೆಯ ಮೇಲೆ ಯುದ್ಧ ಸಾರಿದ ಜನ ಹುಟ್ಟಿಕೊಂಡಿದ್ದಾರೆ.

ನೀವೂ ಅವರನ್ನು ನೋಡಿರುತ್ತೀರಿ. ಹೋಟೆಲಿನಲ್ಲಿ ಗೋಳಿಬಜೆಯನ್ನು ಪೇಪರಿನ ನಡುವೆ ಇಟ್ಟು ಹಿಂಡಿ, ಆ ಪೇಪರನ್ನು ಬೆಳಕಿಗೆ ಹಿಡಿದು, ಎದುರು ಕೂತ ಗುರುತಿಲ್ಲದವರಿಗೂ ತೋರಿಸುವವರು. ಮಸಾಲೆ ದೋಸೆಯ ಬೆನ್ನು ಒರೆಸುವವರು. ಚಿಕನ್ ಘೀ ರೋಸ್ಟ್ ಹೇಳಿ, ಹಿಂದೆಯೇ "ತುಪ್ಪ ಕಮ್ಮಿ ಹಾಕಿ ಆಯ್ತಾ" ಎನ್ನುವವರು. ಕುಂದಾಪುರದ ಕಡೆ ಹೀಗೆ ಹೇಳಿದರೆ ಅಡುಗೆಯವ ಹೊರಗೆ ಬಂದು ಮುಖ ನೋಡಿಕೊಂಡು ಹೋದಾನು. ಇವರೆಲ್ಲ ಬರಿಗೈ ಸಿಪಾಯಿಗಳು. ನಮ್ಮ ಪಕ್ಕದ ಮನೆಯ ಪೊರ್ಬುಗಳ ಹತ್ತಿರ ಆಯುಧ ಉಂಟು.

ಪೊರ್ಬುಗಳು ಪ್ರಾಯವೆಲ್ಲ ಮಸ್ಕತ್ತಿನಲ್ಲಿ ಲೆಕ್ಕ ಬರೆದು ನಿವೃತ್ತರಾಗಿ ಬಂದವರು. ಬಹಳ ಒಳ್ಳೆಯ ಮನುಷ್ಯ. ಮಳೆಗಾಲದಲ್ಲಿ ನಮ್ಮ ಮಾಡಿನ ಹೆಂಚು ಜಾರಿದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಏಣಿ ಹಿಡಿದುಕೊಂಡು ಅವರೇ ಬರುತ್ತಾರೆ. ಏರುವುದು ಮಾತ್ರ ನಾನು. ಒಂದು ವರ್ಷ ಅವರ ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟ್ರಾಲಿನ ಎದುರು ಒಂದು ನಕ್ಷತ್ರ ಮೂಡಿತು. "ಸ್ವಲ್ಪ ನೋಡಿಕೊಂಡು ತಿನ್ನಿ" ಎಂದರಂತೆ ಡಾಕ್ಟರು. ಅಂದಿನಿಂದ ಪೊರ್ಬುಗಳು ನೋಡುತ್ತಲೇ ಇದ್ದಾರೆ. ತಿನ್ನುವುದು ಆಮೇಲೆ. ನನ್ನ ವರದಿಯಲ್ಲಿಯೂ ನಕ್ಷತ್ರಗಳಿವೆ, ಆದರೆ ಅದನ್ನು ನಾನು ಮಡಚಿ ಕಪಾಟಿನಲ್ಲಿ ಸೀರೆಗಳ ಅಡಿ ಇಟ್ಟಿದ್ದೇನೆ. ಅವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ನಮ್ಮಿಬ್ಬರಿಗೆ ಇರುವ ವ್ಯತ್ಯಾಸ ಇಷ್ಟೇ.

ಆ ವರ್ಷ ಕ್ರಿಸ್ಮಸ್ಸಿಗೆ ಕೆನಡಾದಿಂದ ಬರುತ್ತೇನೆಂದ ಅವರ ಮಗಳು ಬರಲಿಲ್ಲ, ಪಾರ್ಸೆಲ್ ಬಂತು. ಒಳಗೆ ಅಂಗೈ ಅಗಲದ ಲೋಹದ ಬಿಲ್ಲೆ, ಅದಕ್ಕೊಂದು ಹಿಡಿ. ಕ್ರಮ ಸುಲಭದ್ದು: ಫ್ರೀಜರಿನಲ್ಲಿಟ್ಟು ಚೆನ್ನಾಗಿ ತಣಿಸುವುದು, ಬಿಸಿ ಗಸಿಯ ಮೇಲೆ ಮೆಲ್ಲಗೆ ಎಳೆಯುವುದು. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಮೇಲೆಯೇ ಇರುತ್ತದೆ. ತಣ್ಣಗಿನ ಲೋಹ ತಾಗಿದ್ದೇ ಹೆಪ್ಪುಗಟ್ಟಿ ಬಿಲ್ಲೆಯ ಅಡಿಗೆ ಅಂಟುತ್ತದೆ. ಒರೆಸುವುದು, ಮತ್ತೆ ಎಳೆಯುವುದು. ಇದಕ್ಕೆ ದಾಯಾದಿಗಳೂ ಇದ್ದಾರೆ. ಒಂದು, ಬುಡದಲ್ಲಿ ಕೊಕ್ಕು ಇರುವ ಜಗ್ಗು: ಸಾರು ಕೆಳಗಿನಿಂದ ಸುರಿದುಹೋಗಿ ಎಣ್ಣೆ ಒಳಗೇ ಉಳಿಯುತ್ತದೆ. ಇನ್ನೊಂದು ಪಾಲಿಪ್ರೊಪಿಲೀನ್ ಎಳೆಗಳ ಕುಂಚ: ನೀರನ್ನು ಬಿಟ್ಟು ಎಣ್ಣೆಯನ್ನಷ್ಟೇ ಹೀರುತ್ತದೆ. ಪೊರ್ಬುಗಳು ಕ್ರಮೇಣ ಮೂರನ್ನೂ ತರಿಸಿಕೊಂಡರು, ಆದರೆ ಪ್ರೀತಿ ಬಿಲ್ಲೆಯ ಮೇಲೆಯೇ.

ಬಿಲ್ಲೆಗೆ ಒಂದು ದೌರ್ಬಲ್ಯ ಉಂಟು. ಹಂದಿಯ ನೆಣ, ತುಪ್ಪ, ತೆಂಗಿನೆಣ್ಣೆ ಇದ್ದರೆ ಅದು ಹುಲಿ. ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರವೇ ಗಟ್ಟಿಯಾಗುವ ಸ್ವಭಾವದ್ದು. ಸೂರ್ಯಕಾಂತಿ ಎಣ್ಣೆಯಾದರೆ ಸೊನ್ನೆಯಿಂದ ಎಷ್ಟೋ ಕೆಳಗೆ ಇಳಿಯುವ ತನಕ ಹೆಪ್ಪುಗಟ್ಟುವುದಿಲ್ಲ, ಬಿಲ್ಲೆ ಎಷ್ಟು ಎಳೆದರೂ ಜಾರಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಪೊರ್ಬುಗಳು ಊಟಕ್ಕೆ ಕರೆದವರ ಹತ್ತಿರ ಮೊದಲೇ ವಿಚಾರಿಸುತ್ತಾರೆ.

"ಎಂತ ಎಣ್ಣೆ ಹಾಕುವುದು ಅಕ್ಕ ನೀವು?"

"ಸನ್‌ಫ್ಲವರ್ ಪೊರ್ಬುಗಳೇ. ಹಾರ್ಟಿಗೆ ಒಳ್ಳೆಯದಂತಲ್ಲ."

"ಛೆ, ಬೇಡ ಬೇಡ. ತೆಂಗಿನೆಣ್ಣೆಯಲ್ಲೇ ಮಾಡಿ. ತೆಗೆಯಲಿಕ್ಕೆ ಸುಲಭ."

ಮಗನ ಹುಟ್ಟುಹಬ್ಬಕ್ಕೆ ನಮ್ಮಲ್ಲಿ ಕೋರಿ ರೊಟ್ಟಿ ಮಾಡಿದ ದಿನದ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಬೆಳಗಿನ ಕಾಫಿ ಆಗುವ ಮೊದಲೇ ಅವರು ಬೇಲಿಯಾಚೆಯಿಂದ ಕರೆದರು. "ಮಾಷ್ಟ್ರೆ, ನಿಮ್ಮ ಫ್ರೀಜರಿನಲ್ಲಿ ಸ್ವಲ್ಪ ಜಾಗ ಉಂಟಾ?" ಮಧ್ಯಾಹ್ನ ಊಟಕ್ಕೆ ಬರುವ ಮನುಷ್ಯ ಬೆಳಿಗ್ಗೆಯೇ ಆಯುಧವನ್ನು ಮುಂದಾಗಿ ಕಳಿಸುವುದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಹೆಂಡತಿ ಅಂಜಲ್ ಮೀನಿನ ತುಂಡುಗಳನ್ನು ಬದಿಗೆ ಸರಿಸಿ, ತೆಂಗಿನತುರಿಯ ಡಬ್ಬಿಯನ್ನು ಹೊರಗಿಟ್ಟು ಬಿಲ್ಲೆಗೆ ಜಾಗ ಮಾಡಿದಳು. ಅವಳ ಮುಖ ನಾನು ನೋಡಲಿಲ್ಲ. ನೋಡಬಾರದೆಂದು ತಿಳಿಯುವಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಕೋರಿ ರೊಟ್ಟಿಯ ಶಾಸ್ತ್ರ ನಿಮಗೆ ಗೊತ್ತು. ಒಣರೊಟ್ಟಿ ಮುರಿದು ತಟ್ಟೆಯಲ್ಲಿಟ್ಟ ಮೇಲೆ ಗಸಿ ಕುದಿಯುತ್ತಲೇ ಬಂದು ಬೀಳಬೇಕು, ರೊಟ್ಟಿ ಅರ್ಧ ಮೆತ್ತಗಾಗಿ ಅರ್ಧ ಗರಿಗರಿ ಇರುವಾಗಲೇ ಬಾಯಿಗೆ ಹೋಗಬೇಕು. ತಟ್ಟೆಗಳೆಲ್ಲ ಸಿದ್ಧವಾಗಿ ಹೆಂಡತಿ ಸೌಟು ಎತ್ತಿದಳು. "ಒಂದೇ ನಿಮಿಷ ಅಕ್ಕ" ಎಂದು ಪೊರ್ಬುಗಳು ಎದ್ದರು. ಪಾತ್ರೆಯ ಈ ಕಡೆಯಿಂದ ಆ ಕಡೆಗೆ ಬಿಲ್ಲೆ ಎಳೆದರು, ಪೇಪರಿಗೆ ಒರೆಸಿದರು, ಎಳೆದರು, ಒರೆಸಿದರು. ಕುದಿಯುವ ಗಸಿಯಲ್ಲಿ ಬಿಲ್ಲೆ ಬಿಸಿಯಾಗದೆ ಇರುತ್ತದೆಯೇ? "ಐದು ನಿಮಿಷ ಫ್ರೀಜರಿಗೆ" ಎಂದರು. ಮೂಡಬಿದಿರೆಯಿಂದ ಬಂದ ನನ್ನ ಭಾವ ಅಷ್ಟರಲ್ಲಿ ತನ್ನ ರೊಟ್ಟಿಯನ್ನು ಬರಿದೇ ಕಡಿದು ಮುಗಿಸಿದ. ಮಕ್ಕಳು ನೀರು ಕುಡಿದರು. ಬಿಲ್ಲೆ ಮರಳಿ ಬಂತು.

ನಿಜವಾದ ಅನಾಹುತ ಆಮೇಲಿನದು. ಕೋರಿ ಗಸಿಗೆ ಕೊನೆಗೆ ಬೀಳುವುದು ತೆಂಗಿನಕಾಯಿಯ ದಪ್ಪ ಹಾಲು. ಅದರ ಕೊಬ್ಬೂ ತೆಂಗಿನೆಣ್ಣೆಯದ್ದೇ ತಾನೆ? ಬಿಲ್ಲೆಗೆ ಯಾವುದು ಒಗ್ಗರಣೆಯ ಎಣ್ಣೆ, ಯಾವುದು ಹಾಲು ಎಂಬ ಭೇದವಿಲ್ಲ. ಹೆಂಡತಿ ಬೆಳಿಗ್ಗೆ ಎದ್ದು ಕಡೆದು ಹಿಂಡಿದ ಮೊದಲ ಹಾಲು ನಸುಗೆಂಪು ಗಟ್ಟಿಗಳಾಗಿ ಪೇಪರಿನ ಮೇಲೆ ಬೀಳತೊಡಗಿತು. ಭಾವನ ಸಣ್ಣ ಮಗಳು ಅದು ಐಸ್‌ಕ್ರೀಮಾ ಎಂದು ಕೇಳಿದಳು. ಪೊರ್ಬುಗಳು ಪೇಪರನ್ನು ಎಲ್ಲರಿಗೂ ತೋರಿಸಿ, "ನೋಡಿ ಮಾಷ್ಟ್ರೆ, ಇದೆಲ್ಲ ನಿಮ್ಮ ರಕ್ತನಾಳಕ್ಕೆ ಹೋಗುವುದಿತ್ತು" ಎಂದರು. ಬ್ಯಾಡಗಿ ಮೆಣಸಿನ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಕರಗುವುದು ಎಣ್ಣೆಯಲ್ಲಿ. ಖಾರದ ಕಥೆಯೂ ಅದೇ, ಮಸಾಲೆಯ ಪರಿಮಳದ್ದೂ ಬಹುಪಾಲು ಅದೇ. ಅಂದರೆ ಅವರು ಒರೆಸಿ ಹಾಕಿದ್ದು ಗಸಿಯ ಗುಣವನ್ನೇ. ಪಾತ್ರೆಯಲ್ಲಿ ಉಳಿದದ್ದು ಕೋಳಿ ತೊಳೆದ ನೀರು. ನಾವೆಲ್ಲ ಅದನ್ನು ಉಂಡೆವು. ಪೊರ್ಬುಗಳು ಊಟ ಮುಗಿಸಿ, ಐಡಿಯಲ್‌ನಿಂದ ತರಿಸಿದ್ದ ಗಡ್ಬಡ್ ಐಸ್‌ಕ್ರೀಮನ್ನು ಗ್ಲಾಸಿನ ತಳದ ಜೆಲ್ಲಿಯ ತನಕ ಚಮಚದಲ್ಲಿ ಕೆರೆದು ತಿಂದರು.

ಮುಂದಿನ ಸಲ ಹೆಂಡತಿ ಸೇಡು ತೀರಿಸಿಕೊಂಡಳು. ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಎಣ್ಣೆ, ಒಗ್ಗರಣೆ ಒಂದೂ ಇಲ್ಲದ ಬೇಳೆಸಾರು ಇಟ್ಟಳು. ಪೊರ್ಬುಗಳು ಬಿಲ್ಲೆ ಎಳೆದರು, ತಿರುಗಿಸಿ ನೋಡಿದರು, ಏನೂ ಅಂಟಿರಲಿಲ್ಲ. ಇನ್ನೊಮ್ಮೆ ಎಳೆದರು. ಅವರ ಮುಖ ಬಾಡಿಹೋಯಿತು. ತೆಗೆಯಲು ಏನೂ ಇಲ್ಲದ ಸಾರು ಅವರಿಗೆ ರುಚಿಸಲೇ ಇಲ್ಲ.

ಅಂಕಿಸಂಖ್ಯೆ ಅವರ ನಾಲಿಗೆಯ ತುದಿಯಲ್ಲಿರುತ್ತದೆ, ಲೆಕ್ಕ ಬರೆದ ಮನುಷ್ಯ ತಾನೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ದೊಡ್ಡ ಚಮಚ ಒಂದಕ್ಕೆ 120. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾದರಿ ತಟ್ಟೆಯಲ್ಲಿ ದಿನಕ್ಕೆ ಎಣ್ಣೆ-ಕೊಬ್ಬು 27 ಗ್ರಾಂ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ರೇಡಿಯೋದ 'ಮನ್ ಕಿ ಬಾತ್'ನಲ್ಲಿ ಎಣ್ಣೆಯನ್ನು ಶೇಕಡಾ 10ರಷ್ಟು ಕಡಿಮೆ ಮಾಡಿ ಎಂದಾಗ, ಆ ಮಾತು ತನಗೇ ಹೇಳಿದ್ದೆಂದು ಪೊರ್ಬುಗಳು ತಿಳಿದರು. ಉಳಿದ 90ನ್ನೂ ತೆಗೆದು ದೇಶಕ್ಕೆ ಕೊಟ್ಟರು. ಇಷ್ಟಾಗಿಯೂ ಸಂಜೆಯ ಚಹಕ್ಕೆ ತೆಂಗಿನೆಣ್ಣೆಯಲ್ಲಿ ಹುರಿದ ಬಾಳೆಕಾಯಿ ಚಿಪ್ಸ್ ಬೇಕು. ಹಂದಿಯ ನೆಣದಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚುಕಡಿಮೆ ನೂರಕ್ಕೆ 40, ತೆಂಗಿನೆಣ್ಣೆಯಲ್ಲಿ 90ರ ಆಸುಪಾಸು. ಇದನ್ನು ಒಮ್ಮೆ ಮೆಲ್ಲಗೆ ಹೇಳಿದೆ. "ಚಿಪ್ಸಿನಲ್ಲಿ ತೇಲುವುದು ಕಾಣುವುದಿಲ್ಲವಲ್ಲ ಮಾಷ್ಟ್ರೆ" ಎಂದರು. ಉತ್ತರ ನನಗೆ ಹೊಳೆಯಲಿಲ್ಲ.

ಮದುವೆಮನೆಗಳಲ್ಲಿ ಕುಂಚ ಅವರ ಅಂಗಿಯ ಜೇಬಿನಲ್ಲಿರುತ್ತದೆ. ರೋಸಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಎರೆಯುವಾಗ, "ಹೊರಗಿನಿಂದ ಹಚ್ಚುವುದಾದರೆ ತೊಂದರೆ ಇಲ್ಲ" ಎಂದು ಒಪ್ಪಿಗೆ ಕೊಟ್ಟು, ನೆಟ್ಟಗೆ ಬಫಾತಿನ ಹಂಡೆಯ ಕಡೆ ನಡೆಯುತ್ತಾರೆ. ನೇತ್ರಾವತಿಯ ದಂಡೆಯ ಇದೇ ಜೆಪ್ಪಿನಲ್ಲಿ 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಹಾಕಿದ. ದಿನವಿಡೀ ಆವೆಮಣ್ಣು ಹೊತ್ತು ಬಂದವನ ತಟ್ಟೆಯಿಂದ ಆ ಕಾಲದಲ್ಲಿ ಯಾರಾದರೂ ನೆಣ ಒರೆಸಲು ಹೋಗಿದ್ದರೆ ಒರೆಸಿದವನ ಕೈ ಉಳಿಯುತ್ತಿರಲಿಲ್ಲ. ಈಗ ನಾವು ಹೊರುವುದು ಮೊಬೈಲು ಮಾತ್ರ, ಅದೂ ಭಾರವೆನಿಸುತ್ತದೆ. ಪೊರ್ಬುಗಳ ವಾದದಲ್ಲಿ ಹುರುಳಿಲ್ಲ ಎನ್ನುವ ಹಾಗಿಲ್ಲ.

2022ರ ಜೂನಿನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಹೊಳೆಯಾಚೆ ಉಳ್ಳಾಲದ ಕಡಲಲ್ಲಿ ಮುಳುಗಿತು. ಸಿರಿಯಾದ 15 ಮಂದಿ ನಾವಿಕರನ್ನು ಕೋಸ್ಟ್ ಗಾರ್ಡಿನವರು ಬದುಕಿಸಿದರು. ಹಡಗಿನೊಳಗಿನ ಇನ್ನೂರಕ್ಕೂ ಹೆಚ್ಚು ಟನ್ ಎಣ್ಣೆ ಹೊರಗೆ ಬಂದರೆ ಮೀನಿನ ಗತಿ ಏನೆಂದು ಇಡೀ ಕರಾವಳಿ ಕಂಗಾಲಾಗಿತ್ತು. ಪೊರ್ಬುಗಳು ಮಾತ್ರ ಹುರುಪಿನಲ್ಲಿದ್ದರು. ಕಡಲಿಗೆ ಚೆಲ್ಲಿದ ಎಣ್ಣೆಯನ್ನು ಹೀರಲು ಬಳಸುವುದೂ ಅದೇ ಪಾಲಿಪ್ರೊಪಿಲೀನ್ ಎಂದು ಎಲ್ಲೋ ಓದಿದ್ದರು. "ತತ್ವ ಒಂದೇ ಮಾಷ್ಟ್ರೆ. ಅವರದ್ದು ಕಡಲು, ನನ್ನದು ಕಡಾಯಿ."

ಅವರ ಹೆಂಡತಿ ಬಾಯಮ್ಮ ಈ ಯುದ್ಧವನ್ನು ಕುಸುವಾರಿನ ಹಿಟ್ಟು ನಾದುತ್ತಾ ನೋಡುತ್ತಾರೆ, ಮಾತಾಡುವುದಿಲ್ಲ. ಅವರ ಅಮ್ಮನ ಕಾಲದಿಂದಲೂ ಬಫಾತ್ ಮಾಡುವುದು ಶನಿವಾರ ಸಂಜೆ, ತಿನ್ನುವುದು ಭಾನುವಾರ. ರಾತ್ರಿ ತಣಿದ ಪಾತ್ರೆಯಲ್ಲಿ ನೆಣ ತಾನಾಗಿ ಮೇಲೆ ಬಂದು ಗಟ್ಟಿಯಾಗಿ ಕೂತಿರುತ್ತದೆ, ಬೆಳಿಗ್ಗೆ ಚಮಚದಲ್ಲಿ ಬೇಕಾದಷ್ಟು ತೆಗೆದರಾಯಿತು. ಮಸಾಲೆಯೂ ಅಷ್ಟರಲ್ಲಿ ಮಾಂಸಕ್ಕೆ ಹಿಡಿದಿರುತ್ತದೆ. ಕೆನಡಾದ ಬಿಲ್ಲೆ ಮಾಡುವುದು ಇದನ್ನೇ, ಅವಸರದಲ್ಲಿ. ಹಾಗಾದರೆ ಬಿಲ್ಲೆ ಯಾಕೆ ಬಾಯಮ್ಮ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಮಗಳು ನೋಡಬೇಕಲ್ಲ" ಎಂದರಂತೆ.

ಭಾನುವಾರ ರಾತ್ರಿ ವೀಡಿಯೋ ಕಾಲ್ ಬರುತ್ತದೆ. ಪೊರ್ಬುಗಳು ಒರೆಸಿಟ್ಟ ಪೇಪರನ್ನು ಕ್ಯಾಮರಾಕ್ಕೆ ಹಿಡಿಯುತ್ತಾರೆ. ಅಲ್ಲಿ ಮಗಳಿಗೆ ಸಮಾಧಾನ, ಇಲ್ಲಿ ಅಪ್ಪನಿಗೆ ಹೆಮ್ಮೆ. ನೆಣ ಹೆಚ್ಚು ಕಂಡಷ್ಟೂ ಇಬ್ಬರಿಗೂ ಒಳ್ಳೆಯದು. ನಮ್ಮ ಓಣಿಯ ಮನೆಗಳನ್ನು ಲೆಕ್ಕ ಹಾಕಿದರೆ ಮಕ್ಕಳಿಗಿಂತ ಮಕ್ಕಳು ಕಳಿಸಿದ ಸಾಮಾನುಗಳೇ ಹೆಚ್ಚು: ಬಿಪಿ ನೋಡುವುದು, ಸಕ್ಕರೆ ನೋಡುವುದು, ಎಣ್ಣೆಯಿಲ್ಲದೆ ಹುರಿಯುವುದು. ಮಸ್ಕತ್ತಿನಲ್ಲಿ ಪೊರ್ಬುಗಳ ಜೊತೆ ಒಂದೇ ಕೋಣೆಯಲ್ಲಿದ್ದವರಲ್ಲಿ ಕೆಲವರು ಊರಿಗೆ ಬಂದ ಸ್ವಲ್ಪ ಸಮಯಕ್ಕೇ ಎದೆನೋವಿನಿಂದ ಹೋದರು. ಅವರ ಹೆಸರು ಇವರು ಹೇಳುವುದಿಲ್ಲ, ಬಿಲ್ಲೆಯನ್ನು ಮಾತ್ರ ಕೆಳಗಿಡುವುದಿಲ್ಲ. ಬಾಯಮ್ಮನಿಗೆ ಇದೆಲ್ಲ ಗೊತ್ತು. ಅದಕ್ಕೇ ಅವರು ಜೆಪ್ಪು ಮಾರ್ಕೆಟಿನ ಕಡೆ ಹೋದಾಗ ಮಾಂಸದ ಅಂಗಡಿಯಲ್ಲಿ ಸ್ವಲ್ಪ ನೆಣ ಹೆಚ್ಚಿರುವ ತುಂಡೇ ಕೇಳಿ ತರುತ್ತಾರೆ. ಇಲ್ಲದಿದ್ದರೆ ಇವರಿಗೆ ತೆಗೆಯಲು ಎಂತ ಉಂಟು?

ಬೆಳಿಗ್ಗೆ ಚಮಚದಲ್ಲಿ ತಾನು ತೆಗೆದ ಅರ್ಧ ನೆಣವನ್ನು ಬಾಯಮ್ಮ ಬಿಸಾಡುವುದಿಲ್ಲ. ಅದು ಅಡುಗೆಮನೆಯ ಹಿಂದಿನ ಹಲಗೆಯ ಮೇಲೆ ಒಂದು ಸಣ್ಣ ಭರಣಿಯಲ್ಲಿರುತ್ತದೆ. ಸೋಮವಾರ ಬೆಳಿಗ್ಗೆ ಪೊರ್ಬುಗಳ ಮೊಟ್ಟೆ ಹುರಿಯುವುದು ಅದರಲ್ಲಿಯೇ. "ನಮ್ಮ ಬಾಯಮ್ಮ ಎಣ್ಣೆಯೇ ಹಾಕದೆ ಮೊಟ್ಟೆ ಮಾಡುತ್ತಾಳೆ ಮಾಷ್ಟ್ರೆ, ಆದರೂ ಎಂಥ ರುಚಿ!" ಎಂದು ಅವರು ನನಗೆ ಹೇಳಿದ್ದುಂಟು. ಬಾಯಮ್ಮ ಹೇಳಿದ್ದು ಸುಳ್ಳಲ್ಲ, ಎಣ್ಣೆ ಅವರು ಹಾಕುವುದಿಲ್ಲ.

ಪೊರ್ಬುಗಳು ಓದುವುದು 1938ರಲ್ಲಿ ಶುರುವಾದ ಕೊಂಕಣಿ ವಾರಪತ್ರಿಕೆ 'ರಾಕ್ಣೊ' ಒಂದನ್ನೇ; ಆ ಧೈರ್ಯದಿಂದ ಇಷ್ಟನ್ನು ಕನ್ನಡದಲ್ಲಿ ಬರೆದಿದ್ದೇನೆ. ಓದಿದವರು ಯಾರಾದರೂ ಇದನ್ನು ಕೊಂಕಣಿಗೆ ಮಾಡುವುದಿದ್ದರೆ, ಗಸಿಯ ಕಥೆ ಬೇಕಾದರೆ ಇರಲಿ, ದಯವಿಟ್ಟು ಮೊಟ್ಟೆಯ ಭಾಗ ಬಿಟ್ಟುಬಿಡಿ.