ಎರರಾಯರು

"ಸಾರ್, ಏನೋ ಎರರ್ ಬರ್ತಿದೆ."

"ಏನಂತ ಬರ್ತಿದೆ?"

"ಅದೇ ಸಾರ್... ಇಂಗ್ಲಿಷಲ್ಲಿ ಏನೇನೋ ಬರ್ತಿದೆ."

ಇವರೇ ಎರರಾಯರು. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೊಬ್ಬರು, ಆಫೀಸಿಗೊಬ್ಬರು, ನಿವೃತ್ತರಾದ ಮೇಲೆ ಪೈಥಾನ್ ಕಲಿಯಲು ಹೊರಟವರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಓದುಬಾರದವರೇನಲ್ಲ. ಮದುವೆ ಕರೆಯೋಲೆಯನ್ನು 'ಸುಖಾಗಮನ ಬಯಸುವವರು' ತನಕ ಬಿಡದೆ ಓದುತ್ತಾರೆ. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುತ್ತಾರೆ. ಅವರು ಓದದೆ ಬಿಡುವುದು ಸ್ಕ್ರೀನಿನ ಮೇಲೆ ಬಂದ ಆ ಒಂದು ಸಾಲನ್ನು ಮಾತ್ರ.

ಕಂಪ್ಯೂಟರು 'ಹಲೋ.ಜಾವಾ ಫೈಲ್ ಸಿಗಲಿಲ್ಲ' ಅನ್ನುತ್ತದೆ. "ಇಲ್ಲೇ ಇದೆಯಲ್ಲ ಸಾರ್, ಕಣ್ಣಿಗೆ ಕಾಣಿಸ್ತಿದೆ!" ಎಂದು ರಾಯರು ರೇಗುತ್ತಾರೆ. ಕಾಣಿಸುವುದೇನೋ ನಿಜ. ಆದರೆ ನೋಟ್‌ಪ್ಯಾಡು ಸೇವ್ ಮಾಡುವಾಗ ಹೆಸರಿನ ಹಿಂದೆ 'ಡಾಟ್ ಟಿಎಕ್ಸ್‌ಟಿ' ಎಂಬ ಬಾಲ ಅಂಟಿಸಿದೆ, ವಿಂಡೋಸು ಆ ಬಾಲವನ್ನು ಮರೆಮಾಡಿದೆ. 'ಡಿಐಆರ್' ಎಂದು ಹೊಡೆದರೆ ಬಾಲ ಸಮೇತ ಕಾಣುತ್ತದೆ. ಆದರೆ ಅದನ್ನೂ ಓದಬೇಕಲ್ಲ!

ಇನ್ನೊಂದು ದಿನ 'ಜಾವಾಸಿ ಎಂಬ ಕಮಾಂಡೇ ಗೊತ್ತಿಲ್ಲ' ಎಂಬ ದೂರು. ಯಾರೋ ಪುಣ್ಯಾತ್ಮರು, ಕಮಾಂಡನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಪಾತ್ ಸೆಟ್ ಮಾಡಿಸುತ್ತಾರೆ. ರಾಯರು ಮೊದಲೇ ತೆರೆದಿಟ್ಟಿದ್ದ ವಿಂಡೋದಲ್ಲೇ ಮತ್ತೆ ಹೊಡೆಯುತ್ತಾರೆ, ಅದೇ ಎರರ್. ಆ ವಿಂಡೋಗೆ ತಾನು ತೆರೆದುಕೊಂಡಾಗ ಇದ್ದ ಪಾತ್ ಮಾತ್ರ ಗೊತ್ತು. ಮುಚ್ಚಿ ಹೊಸದು ತೆರೆದರೆ ಸಾಕು. ರಾಯರು ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದರು. ಸರಿಹೋಯಿತು. ಸರಿಹೋದದ್ದೇ ಅನಾಹುತ! ಅಂದಿನಿಂದ ಸೆಮಿಕೋಲನ್ ಬಿಟ್ಟುಹೋದರೂ ಅವರು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಜಾವಾ ತೆಗೆದು ಮತ್ತೆ ಹಾಕುತ್ತಾರೆ.

ಅದೂ ಆಗದಿದ್ದರೆ ವಾಟ್ಸಾಪಿನಲ್ಲಿ ಫೋಟೋ. ಕೀಬೋರ್ಡು, ಕಾಫಿ ಲೋಟ, ಹೆಬ್ಬೆರಳು, ಸ್ಕ್ರೀನಿನಲ್ಲಿ ಮೂಡಿದ ಟ್ಯೂಬ್‌ಲೈಟು ಎಲ್ಲವೂ ಸ್ಪಷ್ಟ. ಎರರ್ ಇದ್ದ ಸಾಲು ಮಾತ್ರ ಫ್ರೇಮಿನ ಹೊರಗೆ. ಏನಿತ್ತು ಎಂದು ಕೇಳಿದರೆ ಎಷ್ಟಿತ್ತು ಎಂದು ಎಣಿಸಿ ಹೇಳುತ್ತಾರೆ. ಸಿ ಭಾಷೆಯಲ್ಲಿ ಮೊದಲ ಎರರನ್ನು ಸರಿಮಾಡಿದರೆ ಮಿಕ್ಕವು ಎಷ್ಟೋ ಸಲ ತಾವೇ ಮಾಯವಾಗುತ್ತವೆ. ಪೈಥಾನಿನಲ್ಲಿ ನೋಡಬೇಕಾದ್ದು ಕೊನೆಯ ಸಾಲು. ರಾಯರಿಗೆ ಮೊದಲೂ ಬೇಡ, ಕೊನೆಯೂ ಬೇಡ.

ಲಿನಕ್ಸಿಗೆ ಬಂದಾಗಲಂತೂ ತಮಾಷೆ ತಾರಕಕ್ಕೇರಿತು. ರಾಯರು ಪ್ರೋಗ್ರಾಮಿಗೆ 'ಟೆಸ್ಟ್' ಎಂದು ಹೆಸರಿಟ್ಟು, ಅಷ್ಟನ್ನೇ ಹೊಡೆದು ಎಂಟರ್ ಒತ್ತಿದರು. ಔಟ್‌ಪುಟ್ ಇಲ್ಲ. ಎರರೂ ಇಲ್ಲ.

"ಸಾರ್, ಎರರೇ ಬರ್ತಿಲ್ಲ!" ದನಿಯಲ್ಲಿ ನಿಜವಾದ ದಿಗಿಲು.

ಲಿನಕ್ಸಿನ ಶೆಲ್‌ನಲ್ಲಿ ಟೆಸ್ಟ್ ಎಂಬ ಕಮಾಂಡ್ ಮೊದಲೇ ಇದೆ. ಓಡಿದ್ದು ಅದು, ಏನನ್ನೂ ಮುದ್ರಿಸುವ ಅಭ್ಯಾಸ ಅದಕ್ಕಿಲ್ಲ. ರಾಯರ ಟೆಸ್ಟ್ ಓಡಬೇಕಾದರೆ ಹೆಸರಿನ ಮುಂದೆ ಚುಕ್ಕಿ, ಓರೆಗೆರೆ ಹಾಕಿ 'ಈ ಫೋಲ್ಡರಿನದು' ಎಂದು ಹೇಳಬೇಕು. ಇಷ್ಟನ್ನೂ ವಿವರಿಸಿದಾಗ ಅವರು ಹೇಳಿದ್ದು: "ಮೊದಲೇ ಎರರ್ ಕೊಟ್ಟಿದ್ರೆ ಓದ್ತಿದ್ದೆನಲ್ಲ ಸಾರ್!"

ರಾಯರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. 'ಹಲೋ, ವರ್ಲ್ಡ್' ಪ್ರೋಗ್ರಾಮನ್ನು ಮನೆಮಾತಾಗಿಸಿದ, ಸಿ ಭಾಷೆಯ 1978ರ ಪುಸ್ತಕದಲ್ಲಿ ಕರ್ನಿಗನ್ ಮತ್ತು ರಿಚಿ ಕೂಡ, ಬರೆದು, ಕಂಪೈಲ್ ಮಾಡಿ, ಓಡಿಸಿ, ಔಟ್‌ಪುಟ್ ಎಲ್ಲಿ ಹೋಯಿತೆಂದು ಹುಡುಕುವುದೇ ದಾಟಬೇಕಾದ ಅಡ್ಡಿ, ಮಿಕ್ಕಿದ್ದು ಸುಲಭ ಎಂದಿದ್ದಾರೆ. ರಾಯರು ಆ ಅಡ್ಡಿಯ ಹತ್ತಿರವೇ ಮನೆ ಮಾಡಿಕೊಂಡಿದ್ದಾರೆ, ಅಷ್ಟೇ.

ನಿಮ್ಮ ಎರರಾಯರು ಫೋನ್ ಮಾಡಿದರೆ ಉತ್ತರ ಹೇಳಲು ಹೋಗಬೇಡಿ. "ಬಂದಿರೋದನ್ನ ಗಟ್ಟಿಯಾಗಿ ಓದಿ ಹೇಳಿ" ಅನ್ನಿ. ಅರ್ಧ ಓದುವಷ್ಟರಲ್ಲಿ "ಓ, ಗೊತ್ತಾಯ್ತು ಬಿಡಿ ಸಾರ್" ಎಂದು ಅವರೇ ಇಟ್ಟುಬಿಡುತ್ತಾರೆ. ಫೋಟೋ ಕಳಿಸ್ತೀನಿ ಅಂದರೆ ಮಾತ್ರ ನೀವೇ ಮೊದಲು ಇಟ್ಟುಬಿಡಿ.