ಗಂಡರ ಗಂಡನ ಈಗಿನ ವಿಳಾಸ

ವಿಜಯನಗರದ ಅರಸರಿಗೆ ‘ಮೂರುರಾಯರ ಗಂಡ’ ಎಂಬ ಬಿರುದಿತ್ತು. ಈ ಪಾಠ ಬಂದ ದಿನ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಹುಟ್ಟಿದ ನಗು ಮೇಷ್ಟ್ರ ಬೆತ್ತದವರೆಗೂ ಹೋಯಿತು. ಒಬ್ಬಳಿಗೆ ಗಂಡನಾಗಿರುವುದೇ ಎಂಥ ಪಾಡು ಅನ್ನುವುದನ್ನು ನಮ್ಮ ನಮ್ಮ ಅಪ್ಪಂದಿರಲ್ಲಿ ಕಂಡಿದ್ದೆವು. ಇನ್ನು ಮೂವರು ರಾಯರಿಗೆ, ಅದೂ ಮೀಸೆ ಹೊತ್ತವರಿಗೆ! ಮೇಷ್ಟ್ರು ಬೆತ್ತ ಕೆಳಗಿಟ್ಟು ಬಿಡಿಸಿ ಹೇಳಿದರು: ಹಿಂದೆ ಗಂಡ ಎಂದರೆ ಶೂರ, ಎದುರಾಳಿಯನ್ನು ಮಣಿಸುವವನು. ಹೊಯ್ಸಳರು ತಮ್ಮನ್ನು ‘ಮಲೆಪರೊಳ್ ಗಂಡ’ ಎಂದುಕೊಂಡರು, ಮಲೆಯ ನಾಯಕರ ನಡುವೆ ತಾವೇ ಗಂಡು ಅಂತ. ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂದರೆ ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ಬಗ್ಗುಬಡಿಯುವವನು. ಈ ಬಿರುದನ್ನು ಈಗ ಯಾರೂ ಇಟ್ಟುಕೊಳ್ಳುವುದಿಲ್ಲ. ಚುನಾವಣೆ ಮುಗಿದ ಮಾರನೆಯ ದಿನದಿಂದ ಕೆಲಸ ವಿಪರೀತವಾದೀತು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಮನುಷ್ಯನ ಮೈ, ಮೇಲೆ ಎರಡು ಹಕ್ಕಿತಲೆ, ಒಂದೊಂದು ಒಂದೊಂದು ದಿಕ್ಕಿಗೆ. ವಿದ್ವಾಂಸರು ಅದರಲ್ಲಿ ಪರಾಕ್ರಮ ಕಾಣುತ್ತಾರೆ. ನನಗೆ ಮಾತ್ರ, ತಾಯಿಯ ಕಡೆಗೊಂದು ತಲೆ, ಹೆಂಡತಿಯ ಕಡೆಗೊಂದು ತಲೆ ತಿರುಗಿಸಿಕೊಂಡು ನಿಂತ ಗಂಡನನ್ನು ಇಷ್ಟು ಚೆನ್ನಾಗಿ ಇನ್ಯಾರೂ ಕಡೆದಿಲ್ಲ ಅನಿಸುತ್ತದೆ.

ಹೀಗೆ ಶಾಸನಗಳಲ್ಲಿ ಮೆರೆದ ಪದ ಈಗ ಎಲ್ಲಿಗೆ ಬಂದಿದೆ ನೋಡಿ. ತಾಲ್ಲೂಕು ಕಚೇರಿಯ ಅರ್ಜಿಗೆ. ‘ತಂದೆ / ಗಂಡನ ಹೆಸರು (ಬೇಡವಾದದ್ದನ್ನು ಹೊಡೆದುಹಾಕಿ)’. ಕಂಡಕಂಡವರನ್ನು ಹೊಡೆದುಹಾಕುತ್ತಿದ್ದವನಿಗೆ ಈ ಗತಿ. ಗಂಡಾಂತರ ಬೇರೆ, ಅದು ಸಂಸ್ಕೃತದ ಕಡೆಯದು, ಗಂಡನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒಪ್ಪುವವರಿಲ್ಲ.

ಗಂಡನ ಕಥೆ ಇದಾದರೆ ಗಂಡಸುತನದ್ದು ಇನ್ನೂ ಶೋಚನೀಯ. ಆ ಪದವನ್ನು ನಾನು ಮೊದಲು ಓದಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ, ನೀಲಿ ಅಕ್ಷರದಲ್ಲಿ: ಕಳೆದುಹೋಗಿದ್ದರೆ ಇಂಥ ಲಾಡ್ಜಿನಲ್ಲಿ ಇಂಥ ವಾರ ಡಾಕ್ಟರನ್ನು ಕಾಣಿರಿ, ಗುಟ್ಟು ಕಾಪಾಡಲಾಗುವುದು. ಕೊಡೆ, ಚಪ್ಪಲಿಯ ಹಾಗೆ ಇದೂ ಕಳೆದುಹೋಗುವ ಸಾಮಾನು ಎಂದು ಬಹಳ ಕಾಲ ನಂಬಿದ್ದೆ.

ಇನ್ನು ಬೀದಿ ಜಗಳ. ‘ಗಂಡ್ಸಾದ್ರೆ ಮೈ ಮುಟ್ಟೋ ನೋಡೋಣ’ ಎಂದು ಒಬ್ಬ. ‘ನೀನು ಗಂಡ್ಸಾದ್ರೆ ಮೊದ್ಲು ಮುಟ್ಟು’ ಎಂದು ಇನ್ನೊಬ್ಬ. ಈ ಮರ್ಯಾದೆಯಲ್ಲೇ ಅರ್ಧ ಗಂಟೆ ಕಳೆದು, ಲುಂಗಿ ಎತ್ತಿ ಕಟ್ಟುವುದೂ ಇಳಿಸುವುದೂ ಮುಗಿದು, ಇಬ್ಬರ ಹೆಂಡಂದಿರೂ ಬಂದು ಒಳಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಚಂದಾ ಎತ್ತಲು ಬಂದವರು, ಬಾಗಿಲು ತೆಗೆದ ನನ್ನನ್ನೇ ಅಡಿಯಿಂದ ಮುಡಿವರೆಗೆ ನೋಡಿ, ‘ಮನೇಲಿ ಗಂಡಸ್ರು ಯಾರಾದ್ರೂ ಇದ್ದಾರಾ ಸಾರ್?’ ಎಂದರು. ನಾನು ಒಳಗೆ ಹೋಗಿ ಹೆಂಡತಿಯನ್ನು ಕಳಿಸಿದೆ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಹೊರಡಲಿಲ್ಲ.

ಅಸಲಿಗೆ ಈ ಪದದ ಒಳ್ಳೆಯ ರೂಪಗಳೆಲ್ಲ ಹೆಂಗಸರ ವಶದಲ್ಲಿವೆ ಎಂಬುದು ನನ್ನ ಗುಮಾನಿ. ಗದ್ದೆಗೆ ಇಳಿಯುವಾಗ ಸೆರಗು ಬಿಗಿದು ಗಂಡುಗಚ್ಚೆ ಹಾಕುವವಳು ಹೆಣ್ಣು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತು ಬಿದ್ದಾಗ ಆ ಕಡೆ ಇದ್ದ ಗಂಡೆದೆ ರಾಣಿ ಚೆನ್ನಮ್ಮನದು. ಅದೇ ಗಂಡೆದೆಯನ್ನು ಪಕ್ಕದ ಮನೆಯ ಹುಡುಗಿ ತೋರಿಸಿದರೆ ‘ಗಂಡುಬೀರಿ’ ಅನ್ನುತ್ತೇವೆ. ಇನ್ನೂರು ವರ್ಷ ಹಳೆಯದಾದ ಮೇಲೆ ಪ್ರತಿಮೆ, ಅಲ್ಲಿಯವರೆಗೆ ಬೈಗುಳ. ನಾವು ‘ಗಂಡುಕಲೆ’ ಎಂದು ಎದೆ ತಟ್ಟಿಕೊಳ್ಳುವ ಯಕ್ಷಗಾನದಲ್ಲಾದರೂ ಏನಾಯಿತು? ದ್ರೌಪದಿ, ದಮಯಂತಿ ಎಲ್ಲರನ್ನೂ ಗಂಡಸರೇ ಆಡುತ್ತಿದ್ದರು. ಸ್ತ್ರೀವೇಷಧಾರಿಯ ಒನಪು ನೋಡಲು ಊರ ಗಂಡುಗಲಿಗಳು ಬೆಳಗಿನವರೆಗೂ ನಿದ್ದೆಗೆಟ್ಟು ಕೂತಿರುತ್ತಿದ್ದರು.

ಕೆಎಸ್ಸಾರ್ಟಿಸಿಯ ಲಾಂಛನದಲ್ಲೂ ಗಂಡಭೇರುಂಡವಿದೆ. 2023ರ ಜೂನ್‌ನಿಂದ ಆ ಹಕ್ಕಿಯ ರೆಕ್ಕೆಯಡಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಜೊತೆಗೆ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ಸರ್ಕಾರ ಆದೇಶದಲ್ಲಿ ಬರೆಯಿತು. ಮಲೆಪರೊಳ್ ಗಂಡನ ವಂಶಕ್ಕೆ ಮೀಸಲಾತಿ! ನಾಚಿಕೆಯಾಗಬೇಕಿತ್ತು, ನನಗೆ ಸಂತೋಷವೇ ಆಯಿತು.

ಮೊನ್ನೆ ಅರಸೀಕೆರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಆ ತಾಲ್ಲೂಕಿನಲ್ಲಿ ಗಂಡಸಿ ಎಂಬ ಊರಿದೆ. ಕಂಡಕ್ಟರ್ ‘ಗಂಡಸಿ ಯಾರ್ರೀ, ಇಳ್ಕೊಳಿ’ ಎಂದು ಕೂಗಿದ ಕೂಡಲೇ ಬಸ್ಸಿನ ಅರ್ಧ ಹೆಂಗಸರು ಎದ್ದು ಇಳಿದರು. ಗಂಡಸೊಬ್ಬನೂ ಕದಲಲಿಲ್ಲ. ಖಾಲಿಯಾದ ಕಿಟಕಿ ಸೀಟಿಗೆ ನಾನು ಧುಮುಕಿದೆ. ಅಷ್ಟರಲ್ಲಿ ಹುಣಸೆಹಣ್ಣಿನ ಮೂಟೆಯೊಂದಿಗೆ ಅಜ್ಜಿಯೊಬ್ಬರು ಹತ್ತಿದರು.

‘ಏಳಪ್ಪ, ಗಂಡ್ಸಲ್ವಾ, ನಿಂತ್ಕೊಂಡ್ ಬರ್ಬೋದು.’

‘ಅಜ್ಜಿ, ಅರ್ಧ ಸೀಟು ಗಂಡಸ್ರಿಗೆ ಅಂತ ಸರ್ಕಾರದ ಆದೇಶ ಇದೆ.’

‘ಇರ್ಲಿ ಬಿಡು, ಅದನ್ನೂ ಓದ್ಕೊಂಡು ನಿಂತ್ಕೊ. ಈ ಮೂಟೆ ಸ್ವಲ್ಪ ಮೇಲಿಡು.’